ಅಕ್ರೋಟಜ್ಜಿ ಯಾರ ಪೈಕಿ?

ಕಳೆದ ವರ್ಷ ಮಾರ್ಚ್ ತಿಂಗಳ ಮೂರನೆಯ ಮಂಗಳವಾರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಗುಡ್ಡದ ಮೇಲಿರುವ ಹಳೆಯ ಸ್ಮಶಾನವೊಂದರಲ್ಲಿ, ಹತ್ತೊಂಬತ್ತನೆಯ ಶತಮಾನದ ಒಬ್ಬ ಹೆಂಗಸಿನ ಸಮಾಧಿಕಲ್ಲಿಗೆ ಯಾರೋ ಕೆಂಪು ಬಣ್ಣ ಬಳಿದಿರುವುದು ಕಂಡುಬಂತು. ಸ್ಮಶಾನದ ಟ್ರಸ್ಟಿನ ಕಾರ್ಯದರ್ಶಿ ಈ ವಿಷಯವನ್ನು ಆ ಹೆಂಗಸಿನ ಮರಿಮಗಳಿಗೆ ಫೋನಿನಲ್ಲಿ ತಿಳಿಸಿದರು. ಮರಿಮಗಳು ನನ್ನ ಪಕ್ಕದ ಮನೆಯಾಕೆ. ಅವರು ಫೋನು ಕೆಳಗಿಟ್ಟವರೇ ಬೇಲಿಯ ಬಳಿ ಬಂದು ನನ್ನನ್ನು ಕೂಗಿದರು.

ಕಾರ್ಯದರ್ಶಿಯ ಹೇಳಿಕೆಯಲ್ಲಿ ಎರಡು ತಪ್ಪುಗಳಿದ್ದವು. ಅದು ಬಣ್ಣವಲ್ಲ, ಕುಂಕುಮ. ಬಳಿದವರು ಯಾರೋ ಅಲ್ಲ, ನನ್ನ ಸೋದರತ್ತೆ. ಹಿಂದಿನ ದಿನ ಅತ್ತೆಯನ್ನು ಅಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಬಹಳ ಕಾಲ ಕೆಲಸ ಮಾಡಿದವಳು ನಾನು. ವರದಿಗಾರನಿಗೆ ಘಟನೆಯೊಂದಿಗೆ ಸಂಬಂಧವಿದ್ದರೆ ಅದು ಮೊದಲ ಪ್ಯಾರಾಗಳಲ್ಲೇ ಬರಬೇಕು ಎಂಬುದು ಅಲ್ಲಿಯ ನಿಯಮ.

ಪಕ್ಕದ ಮನೆಯಾಕೆಗೆ ಆಗ ಎಂಬತ್ತೈದು ವರ್ಷ. ದಂತವೈದ್ಯರ ಕ್ಲಿನಿಕ್ಕುಗಳಲ್ಲಿ ಹಲ್ಲು ಶುಚಿ ಮಾಡುವ ಕೆಲಸದಿಂದ ನಿವೃತ್ತರಾದವರು. ಯಾರು ಎದುರಾದರೂ ಮೊದಲು ಬಾಯಿ ನೋಡುತ್ತಾರೆ, ಆಮೇಲೆ ಮುಖ. ಅತ್ತೆಯನ್ನು ಮೊದಲ ಸಲ ನೋಡಿದ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಇವರು ಏನು ಅಗಿಯುತ್ತಾರೆ?" ಎಂದು ಕೇಳಿದ್ದರು. ಎಲೆ ಅಡಿಕೆ ಎಂದರೇನೆಂದು ವಿವರಿಸಿದೆ. "ಆ ಹಲ್ಲುಗಳು ಇನ್ನೂ ಬಾಯಲ್ಲಿರುವುದು ನನ್ನ ವೃತ್ತಿಗೇ ಅವಮಾನ" ಎಂದರು. ಅವರು ಆಡುವುದು ಇಂಗ್ಲಿಷು. ನಾನಿಲ್ಲಿ ಬರೆಯುತ್ತಿರುವುದು ಅದರ ಕನ್ನಡ.

ಅವರಿಗೆ ಬೇಕಾಗಿದ್ದದ್ದು ಆ ಸ್ಮಶಾನದಲ್ಲಿ ಆರಡಿ ಮೂರಡಿ ಜಾಗ. ಅಲ್ಲಿ ಅವರ ತಾಯಿಯ ಸಮಾಧಿಯಿದೆ. ಅದರ ಪಕ್ಕದಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿದೆ. ಗಂಡ ತೀರಿಕೊಂಡಾಗ, ಆತನ ಇಚ್ಛೆಯಂತೆ, ಬೂದಿಯನ್ನು ಕೊಲ್ಲಿಯ ನೀರಿಗೆ ಬಿಟ್ಟಿದ್ದರು. ತಾವು ಮಾತ್ರ ಅಮ್ಮನ ಪಕ್ಕದಲ್ಲೇ ಮಲಗಬೇಕೆಂಬುದು ಅವರ ಹಟ. ಪ್ರೀತಿಯಿಂದ ಅಂದುಕೊಂಡು ನಾನು ಒಂದು ಒಳ್ಳೆಯ ಮಾತು ಹೇಳಲು ಹೋದೆ. ಅವರು ತಡೆದರು.

"ಜಗಳ ಬಾಕಿ ಇದೆ" ಎಂದರು. "ಹಿತ್ತಲಿನ ಅಕ್ರೋಟು ಮರ ಕಡಿಸಿದ್ದನ್ನು ಅಮ್ಮ ಸಾಯುವವರೆಗೂ ನನ್ನ ಮೇಲೆ ಹೊರಿಸುತ್ತಾ ಬಂದಳು. ಕಡಿಸಿದ್ದು ಅವಳೇ. ನಾನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ."

ಅಡ್ಡಿಯಾದದ್ದು ಟ್ರಸ್ಟಿನ ನಿಯಮ. ಹೊಸದಾಗಿ ಯಾರನ್ನಾದರೂ ಹೂಳಬೇಕೆಂದರೆ, ಅವರು ಆ ಜಾಗ ಕೊಂಡ ಮೊದಲ ಯಜಮಾನನ ನೇರ ಸಂತಾನವಾಗಿರಬೇಕು. ತಾಯಿಯ ಕಾಲದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಈಗಿನ ಕಾರ್ಯದರ್ಶಿ, ವಿಮೆ ಕಂಪನಿಯಲ್ಲಿದ್ದು ನಿವೃತ್ತರಾದವರು, ಕೇಳುತ್ತಾರೆ. ಮೊದಲ ಯಜಮಾನ ಎಂದರೆ ಚಿನ್ನದ ಕಾಲದಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಪೂರ್ವದಿಂದ ಬಂದ ಒಬ್ಬ ರೈತ. ಜೊತೆಯಲ್ಲಿ ಒಬ್ಬಳೇ ಮಗಳು, ಕೈಗೂಸು. ಮತ್ತೆ ತೀರಿಹೋದ ತಮ್ಮನ ಮಗ, ಹುಡುಗ. ನನ್ನ ನೆರೆಯಾಕೆ ಈ ಹುಡುಗನ ವಂಶದವರು: ಅವನು ಅವರ ಮುತ್ತಜ್ಜ. ಅಂದರೆ ಯಜಮಾನನ ತಮ್ಮನ ಕಡೆಯವರು, ನೇರ ಸಂತಾನವಲ್ಲ. ಯಜಮಾನನ ಮಗಳು ಏನಾದಳೋ ಯಾರಿಗೂ ಗೊತ್ತಿಲ್ಲ. ಅವನ ಮಗಳು ಎಂದು ಕೆತ್ತಿದ ಸಮಾಧಿ ಅಲ್ಲಿಲ್ಲ, ಆದ್ದರಿಂದ ಆ ಸಂತಾನ ಅಲ್ಲಿಗೆ ಮುಗಿಯಿತು ಎಂಬುದು ಕಾರ್ಯದರ್ಶಿಯ ತೀರ್ಮಾನ. ಏಪ್ರಿಲ್ ಸಭೆಯೊಳಗೆ ಬೇರೆ ಪುರಾವೆ ತಂದರೆ ನೋಡೋಣ ಎಂದಿದ್ದರು.

ಉಳಿದ ಒಂದೇ ದಾರಿ ಮುತ್ತಜ್ಜಿ: ಯಜಮಾನನ ರಕ್ತಸಂಬಂಧ ಸಿಕ್ಕರೆ ಅವಳ ತವರಿನ ಕಡೆಯಿಂದಲೇ ಸಿಗಬೇಕು. ಆ ಹುಡುಗ ಬೆಳೆದು, ಅಕ್ರೋಟಿನ ತೋಟ ಮಾಡಿ, ಮದುವೆಯಾದ ಹೆಣ್ಣು. ಅವಳ ತವರು ಯಾವುದು ಎಂಬುದಕ್ಕೆ ನೆರೆಯಾಕೆಯ ಬಳಿ ಇದ್ದದ್ದು ತಾಯಿ ಹೇಳಿದ ಒಂದೇ ಮಾತು: "ಲಾಸ್ ಗ್ಯಾಟೋಸ್ ಕಡೆಯವಳು."

"ನೀನು ಪೇಪರಿನವಳು. ಹುಡುಕಿಕೊಡು" ಎಂದರು ನನಗೆ. ಒಪ್ಪಿದೆ. ನಾನು ಹುಡುಕುವುದಾದರೆ ಅತ್ತೆ ಬರದೇ ಇರುವುದಿಲ್ಲ.

ಅತ್ತೆ ಮೈಸೂರಿನವರು. ಈಗ ಇಲ್ಲೇ ಡಾಕ್ಟರ್ ಮಗಳ ಮನೆಯಲ್ಲಿ ಮಾವನ ಜೊತೆ ಇರುತ್ತಾರೆ. ಮಾವ ಟೀವಿಯ ಮುಂದೆ ಕ್ರಿಕೆಟ್ ನೋಡುತ್ತಾರೆ. ಪಂದ್ಯ ಇಲ್ಲದಾಗ ಹಳೆಯ ಪಂದ್ಯ ನೋಡುತ್ತಾರೆ. ಗುರುವಾರ ಅತ್ತೆ ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು. ಮದುವೆ ಛತ್ರದಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರನ್ನು "ನೀವು ಯಾರ ಪೈಕಿ?" ಎಂದು ಕೇಳಿ, ಸಾರಿನ ಅನ್ನ ಮುಗಿಯುವುದರೊಳಗೆ ಅವರನ್ನು ತಮಗೆ ನೆಂಟರನ್ನಾಗಿ ಮಾಡಿಕೊಳ್ಳುವುದು. ಇಲ್ಲಿ ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ. ಗ್ರೋಸರಿ ಅಂಗಡಿಯಲ್ಲಿ ಒಮ್ಮೆ ಬಿಲ್ಲಿನ ಹುಡುಗಿಯನ್ನು ಕೇಳಿ ನೋಡಿದ್ದರು. ಅವಳು ಚೀಲ ಬೇಕಾ ಎಂದು ಕೇಳಿದ್ದಳು.

ಮುತ್ತಜ್ಜಿಯ ಹೆಸರು ಅತ್ತೆಯ ನಾಲಗೆಗೆ ಹೊರಳಲಿಲ್ಲ. "ಅಕ್ರೋಟಜ್ಜಿ ಅನ್ನೋಣ" ಎಂದರು. ನೆರೆಯಾಕೆಗೂ ಅದು ಇಷ್ಟವಾಯಿತು. ಅವರು ನಾನು ಕರೆಯುವುದನ್ನು ಕೇಳಿ ಕೇಳಿ ಅತ್ತೆಯನ್ನು "ಅಟ್ಟೇ" ಎಂದೇ ಕರೆಯುತ್ತಿದ್ದರು, ಅದೇ ಹೆಸರು ಎಂದುಕೊಂಡು. ಅತ್ತೆ ತಿದ್ದಲಿಲ್ಲ. "ಇರ್ಲಿ ಬಿಡು. ಎಂಬತ್ತೈದು ವರ್ಷದ ಸೋದರಸೊಸೆ ಎಷ್ಟು ಜನಕ್ಕೆ ಸಿಗ್ತಾಳೆ?"

ಕೌಂಟಿ ಕಚೇರಿಯ ಮದುವೆ ದಾಖಲೆಯ ಪ್ರತಿ ನೆರೆಯಾಕೆಯ ಬಳಿ ಮೊದಲೇ ಇತ್ತು. ಅದರಲ್ಲಿ ಮದುಮಗಳ ತವರಿನ ಮನೆತನದ ಹೆಸರು ಬರೆಯುವ ಕಡೆ ಮದುಮಗನ ಮನೆತನದ ಹೆಸರೇ ಇತ್ತು. ಇದನ್ನು ನೋಡಿದವರೆಲ್ಲ ಗುಮಾಸ್ತನ ತಪ್ಪು ಎಂದಿದ್ದರು. ನಾನೂ ಅದನ್ನೇ ಅಂದೆ. ಬೆಳಗಿನಿಂದ ಬರೆದು ಬೇಸತ್ತ ಒಬ್ಬ ಗುಮಾಸ್ತ ಒಂದೇ ಹೆಸರನ್ನು ಎರಡು ಕಡೆ ಬರೆದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆದರೂ ಎರಡನೆಯ ಮೂಲವಿಲ್ಲದೆ ಏನನ್ನೂ ನಂಬಬಾರದಲ್ಲ; ಬರ್ಕ್ಲಿಗೆ ಹೋಗಿ, ಗ್ರಂಥಾಲಯದಲ್ಲಿ ಕೂತು ಆ ಕಾಲದ ಊರಪತ್ರಿಕೆಯ ಫಿಲ್ಮು ಸುರುಳಿ ಬಿಚ್ಚಿ ನೋಡಿದೆ. ಮದುವೆಯ ಸುದ್ದಿ ಸಿಕ್ಕಿತು. ಮೂರು ಸಾಲು. ವರನಿಗೂ ವಧುವಿಗೂ ಅಲ್ಲಿಯೂ ಒಂದೇ ಮನೆತನದ ಹೆಸರು.

ಎರಡು ಮೂಲಗಳು ಒಂದೇ ಮಾತು ಹೇಳಿದರೆ ಅದು ಸುದ್ದಿ. ನಾನು ಮಾತ್ರ ಅದನ್ನು ಒಂದೇ ತಪ್ಪಿನ ಎರಡು ಪ್ರತಿ ಎಂದು ತೀರ್ಮಾನಿಸಿದೆ. ಪತ್ರಿಕೆಯವರು ಕಚೇರಿಯಿಂದ ನಕಲು ಮಾಡಿರುತ್ತಾರೆ, ಅಚ್ಚಿನ ಮೊಳೆ ಜೋಡಿಸುವವನು ಕಣ್ಣುಮುಚ್ಚಿ ಜೋಡಿಸಿರುತ್ತಾನೆ. ನಮ್ಮ ಕಸುಬಿನವರ ಮೇಲೆ ನನಗಿರುವ ಗೌರವ ಅಷ್ಟು.

ಅತ್ತೆಗೂ ಅದು ಸರಿ ಎನ್ನಿಸಿತು, ಅವರ ಕಾರಣ ಬೇರೆ. "ಒಂದೇ ಮನೆತನ ಅಂದ್ರೆ ಒಂದೇ ಗೋತ್ರ ಕಣೇ. ಸಗೋತ್ರದಲ್ಲಿ ಯಾರು ಹೆಣ್ಣು ಕೊಡ್ತಾರೆ? ಅವನು ಗುಮಾಸ್ತ ನಿದ್ದೆ ಮಾಡ್ತಿದ್ದ. ನಡಿ, ಲಾಸ್ ಗ್ಯಾಟೋಸಿಗೆ."

"ಅತ್ತೇ, ಇವರಿಗೆ ಗೋತ್ರ ಇಲ್ಲ."

"ಇಲ್ಲ ಅಂತ ಗೊತ್ತಿಲ್ಲ ಅಷ್ಟೇ. ಮನುಷ್ಯರು ಅಂದ್ಮೇಲೆ ಇರತ್ತೆ."

ಲಾಸ್ ಗ್ಯಾಟೋಸಿಗೆ ಮೂವರೂ ಹೋದೆವು. ಫ್ರೀವೇಯುದ್ದಕ್ಕೂ ಅತ್ತೆ ನೆರೆಯಾಕೆಗೆ ಚಕ್ಕುಲಿ ಕೊಡುವುದು, ನೆರೆಯಾಕೆ ಅದನ್ನು ಹಲ್ಲಿನ ದೃಷ್ಟಿಯಿಂದ ವಿಮರ್ಶಿಸಿ ತಿನ್ನುವುದು ನಡೆಯಿತು. ಅಲ್ಲಿಯ ಸ್ಥಳೀಯ ಇತಿಹಾಸದ ಕೊಠಡಿಯಲ್ಲಿ ಒಬ್ಬ ಹಸನ್ಮುಖಿ ಮುದುಕ ಕೂತಿದ್ದ. ಅಕ್ರೋಟಜ್ಜಿಯದೇ ಮೊದಲ ಹೆಸರಿನ, ಆ ಕಾಲದ ಏಳೆಂಟು ಹೆಂಗಸರನ್ನು ಕೊಡಲು ಆತ ಸಿದ್ಧನಿದ್ದ. ಆಗ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಆ ಹೆಸರೇ ಇತ್ತಂತೆ. ಒಂದು ಫೋಟೋ ತೋರಿಸಿದ. ಕಪ್ಪು ಉಡುಪು, ಬಿಗಿದ ತುಟಿ.

ಅತ್ತೆ ಫೋಟೋ ನೋಡಿದರು, ನೆರೆಯಾಕೆಯ ಮುಖ ನೋಡಿದರು. "ಅದೇ ಮೂಗು. ನೂರಕ್ಕೆ ನೂರು ಇವಳೇ."

ನಾನು ಅನುವಾದಿಸಿದೆ. ನೆರೆಯಾಕೆಯ ಕಣ್ಣಲ್ಲಿ ನೀರು ಬಂತು. ಫೋಟೋದ ಬೆನ್ನು ತಿರುಗಿಸಿದ ಮುದುಕ ಕೆಮ್ಮಿದ. ಅದು ಊರಿನ ಕನ್ಯಾಮಠದ ಮುಖ್ಯಸ್ಥೆಯ ಚಿತ್ರ. ಮದುವೆಯಾದವರಲ್ಲ, ಮಕ್ಕಳಿಲ್ಲ.

ವಾಪಸು ಕಾರು ಹತ್ತಿದೆವು. ಆಮೇಲೆ ನೆರೆಯಾಕೆ, "ಆ ಬಾಯಿ ನೋಡಿದರೆ ಗೊತ್ತಾಗುತ್ತಿತ್ತು, ಕೆಳಗಿನ ದವಡೆ ಮುಂದಿತ್ತು, ನಮ್ಮವರದಲ್ಲ" ಎಂದರು. ಅತ್ತೆ ಕಿಟಕಿಯ ಕಡೆ ತಿರುಗಿ, "ಮೂಗು ಮಾತ್ರ ಅದೇ" ಎಂದರು.

ಅದಾದ ಮರುವಾರದ ಗುರುವಾರ ಮಧ್ಯಾಹ್ನ ಅತ್ತೆ ಹುಬ್ಬಳ್ಳಿ ಆಪಾನನ್ನು ಕರೆತಂದರು. ಆಪಾ ಅತ್ತೆಯ ಮಗಳ ಮನೆಯ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿರುವವರು. ಮಗ ಹೇವರ್ಡಿನಲ್ಲಿ ನೆಲಹಾಸಿನ ಟೈಲ್ಸ್ ವ್ಯಾಪಾರ ಮಾಡುತ್ತಾನೆ. ಅತ್ತೆಯೂ ಅವರೂ ಬೆಳಗಿನ ವಾಕಿಂಗಿನ ಜೊತೆಗಾರರು. ಅತ್ತೆಗಿಂತ ಚಿಕ್ಕವರು, ಅತ್ತೆಯನ್ನು "ಅಕ್ಕಾರ" ಎನ್ನುತ್ತಾರೆ. ನೆರೆಯಾಕೆಯ ಅಡುಗೆಮನೆಯ ಮೇಜಿನ ಸುತ್ತ ನಾಲ್ವರೂ ಕೂತೆವು. ಅತ್ತೆ ಇಡೀ ಕಥೆಯನ್ನು ಗುಮಾಸ್ತನನ್ನು ಬೈಯುತ್ತಾ ಹೇಳಿ ಮುಗಿಸಿದರು.

ಆಪಾ ಬಿಸ್ಕತ್ತು ಚಹಾದಲ್ಲಿ ಅದ್ದಿದರು. "ಗುಮಾಸ್ತನ ತಪ್ಪು ಅಂತ ಯಾರ್ ಹೇಳಿದ್ರು?"

"ಮತ್ತೇನು? ಗಂಡಿಂದೂ ಹೆಣ್ಣಿಂದೂ ಒಂದೇ ಮನೆತನ ಇರೋದುಂಟಾ?"

"ಯಾಕಿರಬಾರದು? ಆ ಮುದುಕಗ ಒಬ್ಬಾಕಿನ ಮಗಳು ಅಂದ್ರಲ್ಲ. ತಮ್ಮನ ಮಗನೂ ಅದ ಮನ್ಯಾಗ ಇದ್ದ. ಒಂದ ಗಾಡ್ಯಾಗ ಬಂದಾರ, ಒಂದ ಹೊಲಾ ಮಾಡ್ಯಾರ. ಮಗಳನ್ನ ಹೊರಗ ಕೊಟ್ರ ಹೊಲಾನೂ ಹೊರಗ ಹೋಗ್ತದ. ತಮ್ಮನ ಮಗಗ ಕೊಟ್ಟು ಕೈ ತೊಳಕೊಂಡಾನ. ಕಳದ್ ಹೋದ ಮಗಳು ಎಲ್ಲೂ ಕಳದಿಲ್ರಿ ಅಕ್ಕಾರ. ಅಕೀನ ನಿಮ್ಮ ಅಕ್ರೋಟಜ್ಜಿ."

ಅತ್ತೆಯ ಕೈಯಲ್ಲಿದ್ದ ಲೋಟ ಮೇಜಿಗೆ ಬಂತು. "ಚಿಕ್ಕಪ್ಪನ ಮಗನ್ನಾ? ಅವನು ಅಣ್ಣ ಆಗ್ಬೇಕು ಕಣ್ರೀ! ಅಣ್ಣನ್ನ ಯಾರಾದ್ರೂ ಮದುವೆ ಆಗ್ತಾರಾ? ರಾಮ ರಾಮ!"

"ನಾನ ಆಗೇನಿ" ಎಂದರು ಆಪಾ. "ನಮ್ಮ ಮನಿಯವರು ನಮ್ಮ ಕಾಕಾನ ಮಗ. ಅದರಾಗ ಏನೈತ್ರಿ?"

ಅತ್ತೆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು. ಪಾಪ, ಇಷ್ಟು ದಿನ ಜೊತೆಯಲ್ಲಿ ನಡೆದವರು. ನೆರೆಯಾಕೆ ನನ್ನ ತೋಳು ಹಿಡಿದು ಏನಾಯಿತೆಂದು ಕೇಳಿದರು. ಆಪಾ ಹೇಳಿದ್ದನ್ನು ಮೊದಲಿನಿಂದ ವಿವರಿಸಿ, ಕೊನೆಗೆ "ಮುತ್ತಜ್ಜಿ ತನ್ನ ಕಸಿನ್ನನ್ನೇ ಮದುವೆಯಾಗಿರಬೇಕು ಅನ್ನುತ್ತಿದ್ದಾರೆ" ಎಂದೆ.

"ಯಾವ ಕಸಿನ್ ಅಂತ ಸರಿಯಾಗಿ ಹೇಳು!" ಎಂದು ಅತ್ತೆ ಗದರಿದರು. "ಕಸಿನ್ ಅಂದ್ರೆ ಏನರ್ಥ? ಸೋದರಮಾವನ ಮಗನೂ ಕಸಿನ್ನು, ಚಿಕ್ಕಪ್ಪನ ಮಗನೂ ಕಸಿನ್ನು. ಒಬ್ಬ ಗಂಡ ಆಗೋನು, ಇನ್ನೊಬ್ಬ ಅಣ್ಣ ಆಗೋನು. ಎರಡಕ್ಕೂ ಒಂದೇ ಮಾತಿಟ್ಕೊಂಡು ಇವ್ರು ಸಂಸಾರ ಹೇಗೆ ಮಾಡ್ತಾರೆ?"

ಇದು ಸುದ್ದಿಮೇಜಿನ ಹಳೆಯ ಕಷ್ಟ. ಸುದ್ದಿಸಂಸ್ಥೆಯಿಂದ ಯಾವನೋ ರಾಜಕಾರಣಿಯ ಕಸಿನ್ ಬಂಧನ ಎಂದು ಬರುತ್ತಿತ್ತು. ಅವನು ದಾಯಾದಿಯೋ ಭಾವನೋ ಯಾರಿಗೆ ಗೊತ್ತು? ನಾವು "ಸಂಬಂಧಿ" ಎಂದು ಬರೆದು ಮುಂದೆ ಹೋಗುತ್ತಿದ್ದೆವು. ಅತ್ತೆಯ ಎದುರು ಆ ಉಪಾಯ ನಡೆಯುವಂತಿರಲಿಲ್ಲ.

ನೆರೆಯಾಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದರು. "ಕಸಿನ್" ಎಂದರು ತಮಗೇ ಎಂಬಂತೆ. "ಅಯ್ಯೋ ದೇವರೇ. ಒಂದೇ ಮನೆಯಲ್ಲಿ ಬೆಳೆದ ಕಸಿನ್." ಆಮೇಲೆ ಅತ್ತೆಯ ಕಡೆ ತಿರುಗಿ, ಇಂಥ ಆಘಾತದಲ್ಲಿ ತಾವಿಬ್ಬರೂ ಒಂದು ಪಕ್ಷ ಎಂಬಂತೆ ಕೇಳಿದರು. "ಅಟ್ಟೇ, ನಿಮ್ಮಲ್ಲಿ ಹೀಗೆಲ್ಲ ಮಾಡುವುದಿಲ್ಲ ಅಲ್ಲವೇ?"

"ಛೇ ಛೇ" ಎಂದರು ಅತ್ತೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ನಮ್ಮಲ್ಲಿ ಕ್ರಮ ಇದೆ. ನಾನು ಮದುವೆಯಾಗಿರೋದು ನಮ್ಮಮ್ಮನ ತಮ್ಮನ್ನ."

ನಾನು ಇದನ್ನು ಅನುವಾದಿಸಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳಿದ್ದನ್ನು ಹೇಳಿದ ಹಾಗೆ ಹಾಕುವುದು ನಿಯಮ. ಅನುವಾದಿಸಿದೆ.

ನೆರೆಯಾಕೆ ಬಹಳ ಹೊತ್ತು ಅತ್ತೆಯನ್ನೇ ನೋಡಿದರು. "ಕ್ರಿಕೆಟ್ ನೋಡುವ ಆ ಮುದುಕರು?"

"ಹೌದು."

"ಅವರು ಇವರ... ಅಂಕಲ್?"

"ಅಂಕಲ್ ಅಲ್ಲಮ್ಮ, ಸೋದರಮಾವ!" ಅತ್ತೆಗೆ ಆ ಒಂದು ಶಬ್ದ ಅರ್ಥವಾಗಿತ್ತು. "ಅಂಕಲ್ ಅನ್ಬೇಡಿ, ಕೇಳೋಕೇ ಅಸಹ್ಯ."

"ತೋಬಾ ತೋಬಾ" ಎಂದು ಆಪಾ ಕೆನ್ನೆ ಮುಟ್ಟಿಕೊಂಡರು. "ಮಾಮಾನ್ನ ಮದಿವಿ ಆಗೋದು ನಮ್ಮಾಗ ಹರಾಮ್ ಐತ್ರಿ ಅಕ್ಕಾರ. ಇಷ್ಟ್ ದಿನ ವಾಕಿಂಗ್ ಬಂದ್ವಿ, ಒಂದ್ ಮಾತ್ ಹೇಳ್ಲಿಲ್ಲಲ್ಲ ನೀವು!"

"ನೀವು ಹೇಳಿದ್ರಾ?"

ಮೇಜಿನ ಸುತ್ತ ಮೂವರು ಹಿರಿಯ ಹೆಂಗಸರು, ಪ್ರತಿಯೊಬ್ಬರೂ ಉಳಿದಿಬ್ಬರಲ್ಲಿ ಒಬ್ಬರ ಮನೆತನಕ್ಕೆ ಹೇಸಿ ಕೂತಿದ್ದರು. ಮೊದಲು ನಕ್ಕವರು ನೆರೆಯಾಕೆ. ನಗು ಜೋರಾಗಿ, ಕರವಸ್ತ್ರ ಬೇಕಾಯಿತು. ಆಪಾ ನಕ್ಕರು. ಅತ್ತೆ ಕೊನೆಗೆ, ಬಾಯಿ ಮುಚ್ಚಿಕೊಂಡು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಆಪಾನಿಗೆ ದೂರು ಹೇಳಿದರು: "ಇವಳನ್ನ ಕೇಳಿ. ನನ್ನ ಮಗನ್ನ ಮಾಡ್ಕೋ ಅಂತ ನಾನೇ ಬಾಯಿಬಿಟ್ಟು ಕೇಳಿದ್ದೆ. ಬೇಡ ಅಂದ್ಲು. ಕಸಿನ್ನಂತೆ!"

ನಗು ನಿಂತ ಮೇಲೆ ನೆರೆಯಾಕೆಯ ಮುಖ ಬದಲಾಯಿತು. "ಹಾಗಾದರೆ ಲಾಸ್ ಗ್ಯಾಟೋಸ್?" ಎಂದರು. ಅವರೇ ಮುಂದುವರಿಸಿದರು. "ಅಮ್ಮನಿಗೆ ಗೊತ್ತಿತ್ತು. ನಾಚಿಕೆಯಾಗಿ, ಮುಚ್ಚಿಡೋದಕ್ಕೆ ಒಂದು ಊರು ಹುಡುಕಿದ್ದಾಳೆ. ಈಗ ಎರಡು ಜಗಳ ಬಾಕಿಯಾಯಿತು."

ಊಹೆ ಚೆನ್ನಾಗಿತ್ತು. ಊಹೆಯನ್ನು ಟ್ರಸ್ಟು ಒಪ್ಪುವುದಿಲ್ಲ. ದಾಖಲೆ, ಪತ್ರಿಕೆ ಎರಡನ್ನೂ ಕಾರ್ಯದರ್ಶಿಗೆ ಕಳಿಸಿ, ಇವು ತಪ್ಪಲ್ಲ, ನಿಜವಿರಬೇಕು ಎಂದು ಬರೆದೆ. ಅವರ ಉತ್ತರ ಚಿಕ್ಕದಾಗಿತ್ತು: ಆ ಕಣಿವೆಯಲ್ಲಿ ಆ ಮನೆತನದ ಹೆಸರಿನವರು ಬೇರೆಯವರೂ ಇದ್ದರು, ಹೆಸರು ಒಂದೇ ಎಂದಮಾತ್ರಕ್ಕೆ ಅವಳು ಈ ಯಜಮಾನನ ಮಗಳೇ ಎಂದು ಹೇಳುವುದು ಹೇಗೆ? ನ್ಯಾಯವಾದ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಇತ್ತ ಅತ್ತೆಗೆ ಊಟ ರುಚಿಸುತ್ತಿರಲಿಲ್ಲ. ಸೋತದ್ದಕ್ಕಲ್ಲ. "ನಾನು ಅವಳಿಗೆ ರಾಮ ರಾಮ ಅಂದ್ಬಿಟ್ಟೆ ಕಣೇ" ಎಂದರು. "ಸತ್ತು ನೂರು ವರ್ಷದ ಮೇಲಾಗಿರೋ ಹೆಂಗಸು. ಅವರ ಪದ್ಧತಿ ಏನಿತ್ತೋ, ಅವಳು ಹೇಗೆ ಬಾಳಿದ್ಲೋ. ಅವಳ ಮರಿಮಗಳ ಮನೇಲೇ ಕೂತು, ಅವಳ ಚಹಾ ಕುಡೀತಾ, ಅಪವಾದ ಹೊರಿಸಿದೆ." ನಂತರ ಕೇಳಿದರು: "ಅವಳು ಮೊದಲು ಹೋದ್ಲಾ, ಗಂಡ ಮೊದಲು ಹೋದ್ನಾ?"

ಕಲ್ಲಿನ ಮೇಲಿನ ವರ್ಷಗಳ ಪ್ರಕಾರ ಹೆಂಡತಿಯೇ ಮೊದಲು. ಗಂಡ ಆಮೇಲೂ ಬಹಳ ವರ್ಷ ಇದ್ದ.

"ಮುತ್ತೈದೆ ಸಾವು" ಎಂದರು ಅತ್ತೆ. "ಹಾಗಿದ್ರೆ ಬಾಗಿನ ಕೊಟ್ಟು ತಪ್ಪಾಯ್ತು ಅಂದುಬಿಡ್ತೀನಿ. ಸೋಮವಾರ ಕರ್ಕೊಂಡು ಹೋಗು."

ಸೋಮವಾರ ಹೋದೆವು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಗುಡ್ಡಗಳು ಆ ಹಸಿರಿನಲ್ಲಿದ್ದವು. ಸ್ಮಶಾನದ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಅತ್ತೆ ಕಲ್ಲಿಗೆ ಅರಿಶಿನ ಹಚ್ಚಿ, ನಡುವೆ ದೊಡ್ಡದಾಗಿ ಕುಂಕುಮವಿಟ್ಟು, ಮೇಲೆ ಜರಿಯಂಚಿನ ರವಿಕೆ ಕಣ ಹೊದಿಸಿ, ಕೆಳಗೆ ಹಸಿರು ಬಳೆ, ಬಾಳೆಹಣ್ಣು ಇಟ್ಟರು. ಕನ್ನಡದಲ್ಲಿ ಸ್ವಲ್ಪ ಹೊತ್ತು ಏನೋ ಮಾತಾಡಿದರು. ನಾನು ದೂರದಲ್ಲಿದ್ದೆ, ಕೇಳಿಸಿದ್ದು ಕೊನೆಯ ಮಾತು ಮಾತ್ರ: "ಮೂಗಿನ ವಿಷಯದಲ್ಲೂ ತಪ್ಪಾಯ್ತು." ಆ ರಾತ್ರಿ ಮಳೆ ಬಂತು.

ಬೆಳಿಗ್ಗೆ ಕಾರ್ಯದರ್ಶಿ ಕಂಡದ್ದೇನೆಂದರೆ, ಬಿಳಿಯ ಕಲ್ಲಿನ ಮೇಲಿಂದ ಬುಡದವರೆಗೆ ರಕ್ತದಂತೆ ಇಳಿದ ಕೆಂಪು, ಅದರ ತಲೆಗೆ ಮೆತ್ತಿಕೊಂಡ ಬಟ್ಟೆ, ಜಿಂಕೆಗಳು ತಿಂದು ಬಿಟ್ಟ ಬಾಳೆಸಿಪ್ಪೆ.

ಫೋನು ಬಂದ ಅರ್ಧ ಗಂಟೆಗೆ ನಾವು ಹೊರಟೆವು: ನಾನು, ನೆರೆಯಾಕೆ, ಅತ್ತೆ, ಮತ್ತು ಇಂಥದ್ದನ್ನು ತಪ್ಪಿಸಿಕೊಳ್ಳಲು ಒಪ್ಪದ ಆಪಾ. ಕಾರ್ಯದರ್ಶಿ ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡು, ಬಕೀಟು, ಮೆದು ಬ್ರಷ್ಷುಗಳು, ಸಣ್ಣ ಕರಣೆ ಜೋಡಿಸಿಕೊಂಡು ನಿಂತಿದ್ದರು. ಇಂಥ ಘಟನೆಯ ನಂತರ ಅರ್ಜಿಯ ಬಗ್ಗೆ ಟ್ರಸ್ಟು ಏನು ಯೋಚಿಸುತ್ತದೋ ಹೇಳಲಾರೆ ಎಂದರು. ನೆರೆಯಾಕೆಯ ಮುಖ ಬಿಳಿಚಿತು.

"ಪೇಂಟ್ ಅಲ್ಲಪ್ಪಾ ಅದು" ಎಂದು ಅತ್ತೆ ಮುಂದೆ ಬಂದರು. "ಕುಂಕುಮ. ಮುತ್ತೈದೆಗೆ ಇಡೋದು."

ಗಂಡನಿಗಿಂತ ಮೊದಲು ತೀರಿಕೊಂಡ ಹೆಂಡತಿಗೆ ನಮ್ಮಲ್ಲಿ ಸಲ್ಲಿಸುವ ಗೌರವ ಎಂದು ವಿವರಿಸಿದೆ. ಆತ ಹುಬ್ಬು ಗಂಟಿಕ್ಕಿದರು. "ಮೊದಲು ಸಾಯುವುದರಲ್ಲಿ ಗೌರವವೇನಿದೆ?"

"ಆಮೇಲೆ ಅವನ ಬಟ್ಟೆ ಅವನೇ ಒಗೆದುಕೊಳ್ಳಬೇಕಲ್ಲ" ಎಂದರು ನೆರೆಯಾಕೆ.

ಕಾರ್ಯದರ್ಶಿ ನಗಲಿಲ್ಲ. ಕಲ್ಲಿನ ಮುಂದೆ ಮಂಡಿಯೂರಿದರು. ನೆರೆಯಾಕೆ ತಾವೇ ತೊಳೆಯುತ್ತೇನೆಂದು ಬ್ರಷ್ಷು ತೆಗೆದುಕೊಂಡು ಕೆಂಪು ಇದ್ದ ಕಡೆ ಉಜ್ಜಲು ಹೋದರು. ಆತ ತಡೆದರು. ಹಳೆಯ ಕಲ್ಲನ್ನು ಮೇಲಿನಿಂದ ತೊಳೆಯಬಾರದು. ಕೊಳೆ ನೀರು ಒಣಗಿದ ಕಡೆ ಇಳಿದು ಗೆರೆ ಕೂರುತ್ತದೆ. ಬುಡದಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಬುಡ ಕಾಣಬೇಕೆಂದರೆ ಹುಲ್ಲು, ಮಣ್ಣು ಬಿಡಿಸಬೇಕು. ಹೀಗೆಂದು ಕರಣೆಯಿಂದ ಕಲ್ಲಿನ ಕಾಲಬುಡದ ಒದ್ದೆ ಹೆಂಟೆಯನ್ನು ಒಂದೊಂದೇ ಎತ್ತಿ ಪಕ್ಕಕ್ಕಿಟ್ಟರು. ಕಲ್ಲು ಅಷ್ಟು ವರ್ಷಗಳಲ್ಲಿ ಒಂದು ಗೇಣಿನಷ್ಟು ನೆಲದೊಳಕ್ಕೆ ಇಳಿದಿತ್ತು. ಕುಂಕುಮದ ನೀರು ಆ ಸಂದಿಯಲ್ಲೂ ಇಳಿದಿತ್ತು.

"ನಿಲ್ಲಿ" ಎಂದರು ನೆರೆಯಾಕೆ.

"ಏನು?"

"ವಸಡಿನ ಕೆಳಗೆ." ಅವರು ಆಗಲೇ ಹುಲ್ಲಿನ ಮೇಲೆ ಕೂತಿದ್ದರು. "ನೋಡಬೇಕಾದದ್ದು ಯಾವಾಗಲೂ ಅಲ್ಲೇ ಇರುತ್ತದೆ. ಸಣ್ಣ ಬ್ರಷ್ಷು ಕೊಡಿ."

ಆತ ಕೊಟ್ಟರು. ನೆರೆಯಾಕೆ ತಮ್ಮ ವೃತ್ತಿಯ ರೀತಿಯಲ್ಲೇ ಮಣಿಕಟ್ಟು ಮಾತ್ರ ಆಡಿಸುತ್ತಾ ಉಜ್ಜಿದರು. ನಡುನಡುವೆ ಕೈ ಚಾಚಿದರೆ ಆಪಾ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ಮಣ್ಣು ಬಿಟ್ಟ ಕಡೆ ಅಕ್ಷರಗಳ ಗುಳಿಗಳಲ್ಲಿ ಕುಂಕುಮ ನಿಂತಿತ್ತು. ಕೆಂಪು ತುಂಬಿದ್ದರಿಂದ ಒಂದೊಂದು ಅಕ್ಷರವೂ ದೂರದಿಂದ ಓದಿಸುವಂತಿತ್ತು. ಮೇಲೆ ಎಲ್ಲರೂ ಓದಿದ್ದ ಸಾಲು: ಇಂಥವನ ಹೆಂಡತಿ. ಕೆಳಗೆ ಯಾರೂ ಓದಿರದ ಸಾಲು: ಮತ್ತು ಇಂಥವರ ಏಕೈಕ ಪುತ್ರಿ. ಇಂಥವರು ಎಂದರೆ ಜಾಗ ಕೊಂಡ ಯಜಮಾನ.

ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಓದಿದರು. ತೆಗೆದು ಒರೆಸಿ ಮತ್ತೆ ಓದಿದರು. "ಹಾಗಾದರೆ ಆತ ತನ್ನ ಕಸಿನ್ನನ್ನು ಮದುವೆಯಾಗಿದ್ದ" ಎಂದರು.

"ಕಸಿನ್ ಅಲ್ಲ" ಎಂದರು ಅತ್ತೆ, ಕನ್ನಡದಲ್ಲಿ, ಬಹಳ ಸಮಾಧಾನದಿಂದ. "ದೊಡ್ಡಪ್ಪನ ಮಗಳು."

ಆತ ಕೆಂಪು ಅಕ್ಷರಗಳ ಫೋಟೋ ತೆಗೆದುಕೊಂಡರು. ಆಮೇಲೆ ಉಳಿದ ಕಲ್ಲನ್ನು ಬುಡದಿಂದ ಮೇಲಕ್ಕೆ ತೊಳೆದರು. ಕುಂಕುಮದ ಒಂದು ತಿಳಿ ಕಲೆ, ಅತ್ತೆ ಇಟ್ಟ ಜಾಗದಲ್ಲಿ, ಹೋಗಲಿಲ್ಲ. ರವಿಕೆ ಕಣವನ್ನು ಹಿಂಡಿ, ಮಡಿಸಿ, ಅತ್ತೆಗೆ ವಾಪಸು ಕೊಟ್ಟರು. ಅತ್ತೆ ಅದನ್ನು ನೆರೆಯಾಕೆಯ ಕೈಗೆ ಹಾಕಿದರು. "ತಗೋಮ್ಮ. ಮುತ್ತಜ್ಜಿದು. ನಿನಗೆ ಬರಬೇಕಾದ್ದು."

ವಾಪಸು ಬರುವಾಗ ಕಾರಿನಲ್ಲಿ ಆಪಾ ಅತ್ತೆಯನ್ನು ಕೇಳಿದರು. "ಅಕ್ಕಾರ, ಈಗರ ಒಪ್ತೀರೋ ಇಲ್ಲೋ? ನಮ್ಮ ಪದ್ಧತಿ ಚಲೋ ಐತಿ."

"ಅಕ್ರೋಟಜ್ಜಿಗೆ ಚೆನ್ನಾಗಿತ್ತು" ಎಂದರು ಅತ್ತೆ. "ನಿಮ್ಮದನ್ನ ಇನ್ನೂ ಯೋಚನೆ ಮಾಡ್ತಿದೀನಿ."

ಏಪ್ರಿಲ್ ತಿಂಗಳ ಸಭೆಯಲ್ಲಿ ಟ್ರಸ್ಟು ನೆರೆಯಾಕೆಯ ಅರ್ಜಿಯನ್ನು ಒಪ್ಪಿತು. ಅವರು ಮರುದಿನವೇ ಜಾಗ ನೋಡಲು ಹೋಗಿ, ತಾಯಿಯ ಸಮಾಧಿಯ ಪಕ್ಕದ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿ ನೋಡಿದರು. ಓಕ್ ಮರದ ಕೊಂಬೆ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ ಎಂದು ಟ್ರಸ್ಟಿಗೆ ದೂರು ಕೊಟ್ಟರು. ಕೊಂಬೆ ಕತ್ತರಿಸಲು ಟ್ರಸ್ಟು ಒಪ್ಪಲಿಲ್ಲ. ಸ್ಮಶಾನದ ಗೇಟಿನಲ್ಲಿರುವ ನಿಯಮಗಳ ಫಲಕಕ್ಕೆ ಬೇಸಗೆಯಲ್ಲಿ ಒಂದು ಸಾಲು ಸೇರಿತು: ಕಲ್ಲುಗಳಿಗೆ ಬಣ್ಣ, ಪುಡಿ ಹಚ್ಚುವುದನ್ನೂ ಹಣ್ಣು ಇಡುವುದನ್ನೂ ನಿಷೇಧಿಸಲಾಗಿದೆ. ಅತ್ತೆ ಈಗ ಬೆಳಗಿನ ವಾಕಿಂಗಿನಲ್ಲಿ ಆಪಾನ ಕಡೆಯ ವಂಶವೃಕ್ಷವನ್ನು ಮೂರು ತಲೆಮಾರಿನವರೆಗೆ ಬಿಡಿಸಿದ್ದಾರೆ. ಮಾವ ಕ್ರಿಕೆಟ್ ನೋಡುತ್ತಿದ್ದಾರೆ.

ಕಳೆದ ಭಾನುವಾರ ನೆರೆಯಾಕೆ ತಮ್ಮ ಎಂಬತ್ತಾರನೆಯ ಹುಟ್ಟುಹಬ್ಬಕ್ಕೆ ನಮ್ಮೆಲ್ಲರನ್ನೂ ಕರೆದಿದ್ದರು. ರವಿಕೆ ಕಣ ಊಟದ ಮೇಜಿನ ನಡುವೆ ಹಾಸಿತ್ತು. ಗುಡ್ಡದ ಮೇಲಿನ ಜಾಗ ಇನ್ನೂ ಖಾಲಿ ಇದೆ.